ಎರಡು ಬೆರಳು

"ಇನ್ನೊಂದ್ಸಲ ನೋಡೂಣು. ನೀ ಮೊಣಕೈ ಗಟ್ಟಿ ಹಿಡಿ," ಎಂದು ಮುರಿಗೆಪ್ಪ, ಸೋಮಪ್ಪ ಮಾಸ್ತರರ ಬಲಗೈ ಬೆರಳುಗಳ ಕೆಳಗೆ ತನ್ನ ಬೆರಳು ತೂರಿಸಿದ. ದುಂಡೇಶ ಮೊಣಕೈ ಹಿಡಿದ. ಇಬ್ಬರೂ ಉಸಿರು ಬಿಗಿಹಿಡಿದು ಎಳೆದರು. ಸತ್ತವರ ತೋರುಬೆರಳು ಮತ್ತು ನಡುಬೆರಳು ಎಡಗೈಯ ಮಣಿಕಟ್ಟಿನ ಮೇಲಿಂದ ಕೂದಲೆಳೆಯಷ್ಟೂ ಸರಿಯಲಿಲ್ಲ.

"ಬಿಡವಲ್ವು," ಎಂದು ಮುರಿಗೆಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಕಲ್ಲೋಳಿಯಲ್ಲಿ ಲಿಂಗವಂತರ ಮನೆಯಲ್ಲಿ ಯಾರು ತೀರಿಕೊಂಡರೂ ಮೊದಲು ಕರೆ ಹೋಗುವುದು ಮುರಿಗೆಪ್ಪನಿಗೆ. ಅವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕಾಲು ಮಡಚಿ ಕೂರಿಸಿ ಹೂಳುತ್ತಾರೆ. ಸೆಟೆದ ಕಾಲಿಗೆ ಬಿಸಿನೀರು ಹೊಯ್ದು, ಎಣ್ಣೆ ತಿಕ್ಕಿ, ಮಂಡಿ ಮಡಚಿ, ಗೋಡೆಗೆ ಆನಿಸಿ ಕೂರಿಸುವಷ್ಟರಲ್ಲಿ ಅವನ ರಟ್ಟೆ ಸೋತುಹೋಗುತ್ತಿದ್ದವು. ಸೋಮಪ್ಪ ಮಾಸ್ತರರು ಅವನಿಗೆ ಆ ಕೆಲಸವನ್ನೇ ಉಳಿಸಿರಲಿಲ್ಲ. ನಸುಕಿನಲ್ಲಿ ಎದ್ದು, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತು, ತಮ್ಮ ನಾಡಿಯನ್ನು ತಾವೇ ಹಿಡಿದು ಎಣಿಸುತ್ತಿದ್ದವರು ಹಾಗೆಯೇ ಹೋಗಿಬಿಟ್ಟಿದ್ದರು. ಬೆನ್ನು ನೆಟ್ಟಗೇ ಇತ್ತು. ಎಡಗೈ ಅಂಗಾತವಾಗಿ ತೊಡೆಯ ಮೇಲಿತ್ತು, ಅದರ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳು.

"ಇಷ್ಟ ವರ್ಷದಾಗ ಇಂಥಾದ್ದು ನೋಡಿಲ್ಲ ನಾ," ಎಂದ ಮುರಿಗೆಪ್ಪ. "ಮಣ್ಣಿಗೆ ಹ್ಯಾಂಗ ಕುಂಡ್ರಬೇಕೋ ಹಂಗ ಕುಂತ ಹೋಗ್ಯಾರ. ನಾ ಬಂದದ್ದ ದಂಡ."

ವಿದ್ಯಾ ಹೊಸ್ತಿಲ ಆಚೆಗೇ ನಿಂತಿದ್ದಳು. ಮೇಲವಂಕಿಯ ಕುರುಬರ ಖಂಡೆಪ್ಪನ ಮಗಳು. ಈಗ ಗೋಕಾಕದ ಒಂದು ಜಿಮ್ಮಿನಲ್ಲಿ ಹೆಂಗಸರಿಗೆ ವ್ಯಾಯಾಮ ಕಲಿಸುತ್ತಾಳೆ. ದುಂಡೇಶನ ಫೋನು ಬಂದಾಗ ತರಗತಿ ನಡುವೆಯೇ ಬಿಟ್ಟು, ಟ್ರ್ಯಾಕ್ ಪ್ಯಾಂಟಿನ ಮೇಲೊಂದು ದುಪಟ್ಟಾ ಎಳೆದುಕೊಂಡು ಗಾಡಿ ಹತ್ತಿದ್ದಳು. ಪಡಸಾಲೆಯಲ್ಲಿ ಗುಜುಗುಜು ಮಾತು ಕೇಳಿ ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಗಾಬರಿ. ಮಾಸ್ತರರು ಎಣಿಸುತ್ತಿರುವಾಗ ಇವರೆಲ್ಲ ಮಾತಾಡುತ್ತಿದ್ದಾರಲ್ಲ ಅನ್ನಿಸಿತು. ಮರುಗಳಿಗೆಯೇ ತನಗೆ ಬುದ್ಧಿ ಕೆಟ್ಟಿದೆ ಎಂದುಕೊಂಡು ಒಳಗೆ ಬಂದಳು.

"ಬಂದಿ? ಇಲ್ಲಿ ನೋಡು," ಎಂದ ದುಂಡೇಶ. ಅವನೂ ಮೇಲವಂಕಿಯವನೇ, ಅವಳ ಜೊತೆಗೇ ಮಾಸ್ತರರ ಕೈಯಲ್ಲಿ ಓಡಲು ಕಲಿತವನು, ಈಗ ಹುಕ್ಕೇರಿಯಲ್ಲಿ ಪೊಲೀಸ. "ಇನ್ನೂ ಹೊತ್ತ ಏರಿಲ್ಲ, ಆಗಲೇ ಇಷ್ಟು ಬಿಗದಾವ. ಹ್ಯಾಂಗ?"

"ಕುಂಡ್ರೂಕಿಂತ ಮೊದಲು ಕಸರತ್ತು ಮಾಡಿರಬೇಕು. ದಣದ ಸ್ನಾಯು ಲಗೂ ಸೆಟೀತಾವ," ಎಂದಳು ವಿದ್ಯಾ. ಹೇಳಿದ ಮೇಲೆ, ಇದನ್ನು ತನಗೆ ಕಲಿಸಿದವರ ಎದುರಿಗೇ ಅವರ ಮೈಯ ಬಗ್ಗೆ ಒಪ್ಪಿಸುತ್ತಿದ್ದೇನೆ ಎಂಬುದು ಹೊಳೆದು ಬಾಯಿ ಮುಚ್ಚಿಕೊಂಡಳು.

ಸಂಸ್ಕಾರ ಮಾಡಿಸಲು ಬಂದು ಕಂಬಳಿಯ ಮೇಲೆ ಕೂತಿದ್ದ ಅಯ್ಯನವರು ಬಗ್ಗಿ ನೋಡಿದರು. "ಅಂಗೈ ತೆರದೈತಿಲ್ಲೋ? ಲಿಂಗ ಇಡಾಕ ಜಾಗ ಐತಿ. ಬಿಡ್ರಿ ಹಂಗ," ಎಂದರು.

ಮುರಿಗೆಪ್ಪ ಬೆರಳುಗಳನ್ನು ಬಿಟ್ಟು ಎದ್ದ. ಅಷ್ಟರಲ್ಲಿ ಒಳಮನೆಯ ಬಾಗಿಲಲ್ಲಿ ಕೂತಿದ್ದ ಮಾಸ್ತರರ ಹೆಂಡತಿ ದಾಕ್ಷಾಯಿಣಿ, ಮುಂಜಾನೆಯಿಂದ ಒಂದು ಮಾತೂ ಆಡದವರು, ಬೇರೆಯವರಿಗೆ ಬುದ್ಧಿ ಹೇಳುವ ದನಿಯಲ್ಲಿ ಅಂದರು:

"ಅವರು ಎಣಸಾಕತ್ತಾರ. ಕೈ ಹಚ್ಚಬ್ಯಾಡ್ರಿ."

ಭಜನೆಯವರು ತಾಳ ಬಿಚ್ಚಿ ಕೂತರು.

*

ವಿದ್ಯಾ ಎಂಟನೇ ಇಯತ್ತೆಗೆ ಕಲ್ಲೋಳಿಯ ಹೈಸ್ಕೂಲಿಗೆ ಬಂದ ವರ್ಷ. ಕುರಿಗಳ ಹಿಂದೆ ಅಲೆದು ಅಲೆದು ಅವಳ ಕಾಲು ಗಟ್ಟಿಯಾಗಿದ್ದವು. ಓಟದಲ್ಲಿ ಗಂಡುಹುಡುಗರನ್ನೂ ಹಿಂದೆ ಹಾಕಿದ್ದಳು. ಡ್ರಿಲ್ ಮಾಸ್ತರರು ಶಾಬಾಸ್ ಅನ್ನುತ್ತಾರೆ ಎಂದು ಕಾದರೆ, ಅವರು ಓಡಿದ ಮಕ್ಕಳನ್ನೆಲ್ಲ ಬೇವಿನ ಗಿಡದ ಕೆಳಗೆ ಕರೆದು, ಕಾಲು ಮಡಚಿ ಕೂತು, ಎಡಗೈ ಮುಂದೆ ಚಾಚಿದರು.

"ನನ್ನ ನಾಡಿ ಎಣಸ್ರಿ. ಒಬ್ಬೊಬ್ಬರ ಬರ್ರಿ. ಸೀಟಿ ಊದಿದಾಗ ಸುರು, ಸಾಕು ಅಂದಾಗ ಬಿಡೂದು."

ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಮಾಸ್ತರರ ಮಣಿಕಟ್ಟನ್ನು ಬದನೆಕಾಯಿ ಹಿಡಿದಂತೆ ಹಿಡಿದು ಎಣಿಸಿದರು. ದುಂಡೇಶ ನೂರರ ಮೇಲೆ ಹೇಳಿದ. ವಿದ್ಯಾ ಅವನಿಗಿಂತ ಹೆಚ್ಚು ಹೇಳಿದಳು. ಉಳಿದವರದು ಒಂದಕ್ಕೊಂದು ಹೊಂದಲಿಲ್ಲ. ಮಾಸ್ತರರು ಎಲ್ಲವನ್ನೂ ಕೇಳಿ, ತಲೆ ಕೆರೆದುಕೊಂಡರು.

"ನನಗ ಎದಿ ಒಂದ ಐತಿ. ಇಷ್ಟು ಲೆಕ್ಕ ಹ್ಯಾಂಗ ಬಂದ್ವು?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

"ಎಲ್ಲಾರೂ ಹೆಬ್ಬೆರಳು ಒತ್ತಿದ್ರಿ. ಹೆಬ್ಬೆರಳಿಗೆ ತನ್ನ ನಾಡಿ ಐತಿ. ನನ್ನ ಕೈ ಹಿಡಕೊಂಡು ನೀವ್ ನಿಮ್ಮ ಎದಿ ಎಣಿಸಿದ್ರಿ," ಎಂದು ಮಾಸ್ತರರು ನಕ್ಕರು. "ಎರಡು ಬೆರಳು ಇಡಬೇಕು, ಹಗೂರಕ. ಒತ್ತಿ ಹಿಡದ್ರ ಅವೂ ಸುಳ್ಳು ಹೇಳತಾವ."

ಎರಡನೆಯ ಸಲ ಎಲ್ಲರಿಗೂ ಒಂದೇ ಲೆಕ್ಕ ಬಂತು, ನಲವತ್ತರ ಆಸುಪಾಸು. ವಿದ್ಯಾಳಿಗೆ ಆ ನಾಡಿಯ ನೆನಪು ಇವತ್ತಿಗೂ ಬೆರಳ ತುದಿಯಲ್ಲಿದೆ. ಒಂದು ಬಡಿತ ಬಂದು, ಇನ್ನೊಂದು ಬರುತ್ತದೋ ಇಲ್ಲವೋ ಅನ್ನುವಷ್ಟು ಬಿಡುವು. ಹೆದರಿ ಮಾಸ್ತರರ ಮುಖ ನೋಡಿದರೆ ಅವರು ಕಣ್ಣು ಮಿಟುಕಿಸಿದ್ದರು. ಓಡಿ ಪಳಗಿದ ಎದೆ ಒಂದೇ ಬಡಿತಕ್ಕೆ ಬೇಕಾದಷ್ಟು ರಕ್ತ ನೂಕುತ್ತದೆ, ಅದಕ್ಕೆ ಅವಸರವಿಲ್ಲ ಎಂದು ವಿವರಿಸಿದ್ದರು.

ಅಂದಿನಿಂದ ಅದೇ ರೂಢಿಯಾಯಿತು. ಓಟ ಮುಗಿದೊಡನೆ ಮಕ್ಕಳೆಲ್ಲ ಮಾಸ್ತರರ ಸುತ್ತ ಉಂಗುರವಾಗಿ ನಿಂತು, ಅವರವರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಎಣಿಸಬೇಕು. ಅವರು "ಸಾಕು" ಅನ್ನುವವರೆಗೆ ಬೆರಳು ತೆಗೆಯುವಂತಿಲ್ಲ. ಎಣಿಸುವಾಗ ಮಾತಿಲ್ಲ, ಕೆಮ್ಮಿಲ್ಲ. ಬಡಿತ ಎಷ್ಟು ಬೇಗ ಇಳಿಯುತ್ತದೆ ಎಂಬುದರ ಮೇಲೆ ಯಾರಿಗೆ ಇನ್ನೊಂದು ಸುತ್ತು, ಯಾರಿಗೆ ವಿಶ್ರಾಂತಿ ಎಂದು ಗೊತ್ತುಮಾಡುತ್ತಿದ್ದರು. ಬೆಳಗಿನ ಲೆಕ್ಕ ಕೇಳಿದರೆ ಸಾಕು, ಯಾರಿಗೆ ಜ್ವರ ಬರಲಿದೆ, ಯಾರು ನಿದ್ದೆಗೆಟ್ಟಿದ್ದಾರೆ, ಯಾವ ಹುಡುಗಿ ಅತ್ತಿದ್ದಾಳೆ ಎಂದು ಹೇಳಿಬಿಡುತ್ತಿದ್ದರು. ಸುಳ್ಳು ಲೆಕ್ಕ ಹೇಳಿ ಓಡಿದವರನ್ನು ಮನೆಗೆ ಅಟ್ಟುತ್ತಿದ್ದರು.

ಒಂದು ಸಲ ಮಕ್ಕಳು ಎಣಿಸುತ್ತಿರುವಾಗಲೇ ಹೆಡ್ ಮಾಸ್ತರರ ಕರೆ ಬಂತು. ಹೋದವರು "ಸಾಕು" ಅನ್ನುವುದನ್ನೇ ಮರೆತರು. ತಾಸು ಬಿಟ್ಟು ಹೊರಬಂದರೆ ಮಕ್ಕಳೆಲ್ಲ ಬಿಸಿಲಲ್ಲಿ ಹಾಗೆಯೇ ನಿಂತಿದ್ದರು, ಬೆರಳು ಮಣಿಕಟ್ಟಿನ ಮೇಲೆ, ತುಟಿ ಮಿಡುಕುತ್ತ.

"ಹುಚ್ಚ ಮಕ್ಕಳ್ರ, ನಾ ಬರಲಿಲ್ಲಂದ್ರ ಇಲ್ಲೇ ನಿಂದರ್ತಿದ್ರಿ?" ಎಂದು ಅವರು ನಗಲು ಹೋದರು. ಯಾರೂ ನಗಲಿಲ್ಲ, ಏಕೆಂದರೆ ಅವರಿನ್ನೂ "ಸಾಕು" ಅಂದಿರಲಿಲ್ಲ. ಆ ದಿನ ಅವರು ಆ ಮಾತನ್ನು ಬಲು ಮೆಲ್ಲಗೆ ಅಂದರು.

ಇಷ್ಟೆಲ್ಲ ಮಾಡಿಯೂ ಸೋಮಪ್ಪ ಮಾಸ್ತರರ ಕೈಯಲ್ಲಿ ದೊಡ್ಡ ಓಟಗಾರರೇನೂ ತಯಾರಾಗಲಿಲ್ಲ. ವಿದ್ಯಾ ರಾಜ್ಯ ಮಟ್ಟದವರೆಗೆ ಹೋಗಿ ಬರಿಗೈಯಲ್ಲಿ ವಾಪಸಾದಳು. ಕೆಲವರು ಪೊಲೀಸರಾದರು, ಕೆಲವರು ಮಿಲಿಟರಿ ಸೇರಿದರು, ಒಬ್ಬ ಬಸ್ಸಿನ ಕಂಡಕ್ಟರನಾದ. ನಿವೃತ್ತಿಯ ದಿನ ಶಾಲೆಯವರು ಒಂದು ಶಾಲು ಹೊದಿಸಿ ಕಳಿಸಿದರು. ಅದೇ ಶಾಲು ಈಗ ಅವರ ಹೆಗಲ ಮೇಲಿತ್ತು.

*

ಮಧ್ಯಾಹ್ನದ ಹೊತ್ತಿಗೆ ಮುರಿಗೆಪ್ಪ ಒಂದು ಕಡ್ಡಿ ತಂದು ಮಾಸ್ತರರ ಬಲಪಾದಕ್ಕೆ ಹಿಡಿದು, ಹಿಮ್ಮಡಿಯಿಂದ ಹೆಬ್ಬೆಟ್ಟಿನವರೆಗೆ ಅಳೆದು ಮುರಿದುಕೊಂಡ. ಗುಂಡಿಯ ಉದ್ದ, ಅಗಲ, ಆಳ ಎಲ್ಲ ಸತ್ತವರ ಪಾದದ ಅಳತೆಯಲ್ಲೇ ಆಗಬೇಕು.

"ಶಾಲಿ ಮೈದಾನಾನೂ ಇದ ಪಾದದ್ಲೇ ಅಳದಿದ್ರು," ಎಂದ ದುಂಡೇಶ, ವಿದ್ಯಾಳಿಗಷ್ಟೇ ಕೇಳುವಂತೆ.

ಅವಳಿಗೂ ಅದೇ ನೆನಪಾಗಿತ್ತು. ಪ್ರತಿ ವರ್ಷ ಮಳೆ ನಿಂತ ಮೇಲೆ ಮಾಸ್ತರರು ಪಾದಕ್ಕೆ ಪಾದ ಜೋಡಿಸುತ್ತ ಮೈದಾನ ಸುತ್ತುತ್ತಿದ್ದರು, ಹಿಂದೆ ಮಕ್ಕಳು ಸುಣ್ಣದ ಪುಡಿ ಚೆಲ್ಲುತ್ತ ಹೋಗುತ್ತಿದ್ದರು. ಮುರಿಗೆಪ್ಪ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡು ಗುಂಡಿ ತೋಡುವವರ ಕಡೆಗೆ ಹೋದ.

ವಿದ್ಯಾ ದಾಕ್ಷಾಯಿಣಿಯವರ ಬಾಜೂಕ್ಕೆ ಹೋಗಿ ಕೂತಳು. ಆ ಮನೆಯಲ್ಲಿ ಅವಳು ಎಷ್ಟು ಸಲ ಉಂಡಿದ್ದಾಳೋ ಲೆಕ್ಕವಿಲ್ಲ. ಮಾಸ್ತರರನ್ನು ಸರ್ ಎಂದರೂ ಇವರನ್ನು ಮಾತ್ರ ಮನೆಯ ಚಿಕ್ಕಮ್ಮನಂತೆ ಕಾಕು ಎಂದೇ ಕರೆಯುತ್ತಿದ್ದಳು.

"ಕಾಕು, ಒಂದ್ ಗುಟುಕು ನೀರರ ಕುಡೀರಿ."

"ಮುಂಜಾನಿ ಚಾ ತಂದ್ನಿ," ಎಂದರು ದಾಕ್ಷಾಯಿಣಿ, ನೀರಿನ ಮಾತು ಕೇಳಿಸಲೇ ಇಲ್ಲವೆಂಬಂತೆ. "ಎಣಸಾಕತ್ತಿದ್ರು. ಎಣಸುವಾಗ ಮಾತಾಡ್ಸಿದ್ರ ಲೆಕ್ಕ ತಪ್ಪತೈತಿ ಅಂತ ಸಿಟ್ಟಿಗೇಳ್ತಾರ. ಲಗ್ನ ಆದಾಗಿಂದ ಅದೊಂದಕ್ಕ ಬೈದಾರ ನೋಡು ನನಗ, ಮತ್ತ ಯಾವದಕ್ಕೂ ಬೈದಿಲ್ಲ. ಬಾಗಲದಾಗ ನಿಂತ್ನಿ. ಚಾದ ಮ್ಯಾಲ ಕೆನಿ ಕಟ್ಟಿತು. ಇವತ್ಯಾಕೋ ಭಾಳ ಹೊತ್ತ ಎಣಸಾಕತ್ತಾರ ಅನಕೊಂಡ್ನಿ. ಬಿಸಲು ಕಂಬಕ್ಕ ಬಂತು. ಅವರ ಮಾರಿಗೆ ಬಂತು. ಕಣ್ಣಾಗ ಬಿಸಲು ಬಿದ್ರೂ ಕಣ್ಣು ಮುಚ್ಚಲಿಲ್ಲ. ಆಗೂ ನಾ ಮಾತಾಡ್ಸಲಿಲ್ಲ."

ವಿದ್ಯಾ ತಿರುಗಿ ನೋಡಿದಳು. ಎದುರಿಗೆ ಕೂತ ಮಾಸ್ತರರ ಕಣ್ಣನ್ನು ಯಾರೋ ಆಮೇಲೆ ಮುಚ್ಚಿದ್ದರು. ರೆಪ್ಪೆ ಪೂರ್ತಿ ಕೂಡಿರಲಿಲ್ಲ, ಕೆಳಗೊಂದು ಬಿಳಿ ಗೆರೆ ಕಾಣುತ್ತಿತ್ತು.

"ಮೊದಲ ಮಾತಾಡ್ಸಿದ್ರ ಉಳೀತಿದ್ರೇನು?"

"ಇಲ್ಲ ಕಾಕು. ಏನೂ ಆಗ್ತಿರಲಿಲ್ಲ."

ಅದು ನಿಜವೋ ಅಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಹೊತ್ತು ವಾಲಿತು. ಹೊರಗೆ ಮಾಸ್ತರರನ್ನು ಕೂರಿಸಿ ಒಯ್ಯುವ ವಿಮಾನ ಕಟ್ಟಿ ಮುಗಿದಿತ್ತು. ಬಿದಿರಿನ ಕುರ್ಚಿಯಂಥ ಅದಕ್ಕೆ ಬಾಳೆಕಂಬ, ಚೆಂಡುಹೂವು ಬಿಗಿದಿದ್ದರು. ಮಾಸ್ತರರ ಹಿರಿಯ ಸೋದರಿ ಅಕ್ಕವ್ವ ಹೆಂಗಸರಿಗೆಲ್ಲ ಕೊನೆಯ ದರ್ಶನ ಮಾಡಿಕೊಳ್ಳಿ ಎಂದು ಹೇಳುತ್ತ ಓಡಾಡಿದರು. ಗಂಡಸರು ಎತ್ತಲೆಂದು ಸುತ್ತ ನಿಂತರು. ಆಗ ದಾಕ್ಷಾಯಿಣಿ ಎದ್ದುಬಂದು ಗಂಡನ ಮುಂದೆ ಕೂತು, ಅವರ ಬಲಗೈಯ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದರು. ಕಣ್ಣು ಮುಚ್ಚಿಕೊಂಡರು.

"ಬಡಿಯಾಕತ್ತೈತಿ," ಎಂದರು.

ತಾಳ ಒಂದೊಂದಾಗಿ ನಿಂತವು.

"ಅವ್ವಾ," ಎಂದ ಮಗ ಗುರುಪಾದ. ಮೂಡಲಗಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟವನು, ಅಪ್ಪನಂತೆ ಮೆದು ಮಾತಿನವನು. "ಡಾಕ್ಟರ್ ಬಂದು ನೋಡಿ ಹೋಗ್ಯಾರಲ್ಲ. ಬಿಡವ್ವ."

"ಆರೋಗ್ಯ ಶಿಬಿರದಾಗ ಆ ನರ್ಸಬಾಯಿಗೂ ನಾಡಿ ಸಿಕ್ಕಿರಲಿಲ್ಲ. ಇಲ್ಲ ಅಂತ ಒದರಾಡಿದ್ಲು. ಇವರು ಎದ್ದು ಕುಂತು ನಗಲಿಲ್ಲೇನು?"

ಅದು ಊರಿಗೇ ಗೊತ್ತಿದ್ದ ಕತೆ. ಮಾಸ್ತರರೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ಇವತ್ತು ಮಾತ್ರ ಆ ಕತೆಗೆ ಯಾರ ಮುಖವೂ ಅರಳಲಿಲ್ಲ. ನಿಂತವರಲ್ಲಿ ಒಬ್ಬರಿಬ್ಬರು ಹೆಣದ ಎದೆಯನ್ನೇ ದಿಟ್ಟಿಸತೊಡಗಿದರು. ಹಿಂದಿನ ಸಾಲಿನಲ್ಲಿ ಯಾರೋ "ಖರೇನ ಇರಬೇಕೇನೋ" ಎಂದು ಪಿಸುಗುಟ್ಟಿದರು.

"ದಾಕ್ಷಾಯಿಣಿ, ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕವ್ವ," ಎಂದರು ಅಕ್ಕವ್ವ, ಅಳುತ್ತ. "ನನ್ನ ತಮ್ಮನ್ನ ಹಿಂಗ ಕುಂಡ್ರಿಸಿ ಇಟಗೋಬ್ಯಾಡ."

"ಬಡಿಯೂ ಎದಿಗೆ ಮಣ್ಣ ಹ್ಯಾಂಗ ಹಾಕ್ತೀರಿ? ವಿದ್ಯಾ ನೋಡಲಿ. ಅವರ ಕೈಯಾಗ ಕಲತಾಕಿ ಅಕಿ."

ದಾಕ್ಷಾಯಿಣಿ ತಲೆಯೆತ್ತಿ ವಿದ್ಯಾಳ ಕಡೆ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

"ಅವತ್ತೂ ನೀ ಹೇಳಿದ್ದ ಕೇಳಿದ್ನಿ. ಇವತ್ತೂ ನೀ ಹೇಳಿದ್ದ ಕೇಳ್ತೀನಿ."

ವಿದ್ಯಾಳ ಕಣ್ಣು ಅವರ ಕೈಯ ಮೇಲೆಯೇ ಇತ್ತು. ಮಾಸ್ತರರ ಮಣಿಕಟ್ಟಿನ ಮೇಲೆ ಅವರು ಒತ್ತಿ ಹಿಡಿದದ್ದು ಹೆಬ್ಬೆರಳು.

*

ಅವತ್ತು ಎಂದರೆ ಯುಗಾದಿಯ ಆಸುಪಾಸು.

ನಿವೃತ್ತಿಯಾದ ಮೇಲೆ ಮಾಸ್ತರರು ರವಿವಾರಕ್ಕೊಮ್ಮೆ ವಿದ್ಯಾಳಿಗೆ ಫೋನು ಮಾಡುವವರು. ಕ್ಷೇಮ ಸಮಾಚಾರಕ್ಕಿಂತ ಮೊದಲು ತಮ್ಮ ಬೆಳಗಿನ ನಾಡಿಯ ಲೆಕ್ಕ ಹೇಳಬೇಕು, ಆಮೇಲೆ ಅವಳದು ಕೇಳಬೇಕು. ಈ ವರ್ಷ ಅವರ ಲೆಕ್ಕ ಇಳಿಯತೊಡಗಿತ್ತು. ಪ್ರತಿ ಫೋನಿನಲ್ಲೂ ಹಿಂದಿನದಕ್ಕಿಂತ ಒಂದೋ ಎರಡೋ ಕಡಿಮೆ.

"ಇಪ್ಪತ್ತರ ವಯಸ್ಸಿನಾಗ ಇಷ್ಟಿತ್ತು ನಂದು," ಎಂದು ಅವರು ಹಿಗ್ಗಿದ್ದರು. "ಹಿಂದಕ್ಕ ಹೊಂಟೇನಿ ನೋಡು."

ವಿದ್ಯಾ ನಕ್ಕಿದ್ದಳು. ಫೋನು ಇಟ್ಟ ಮೇಲೆ ನಗು ಉಳಿಯಲಿಲ್ಲ. ಓಡುವುದನ್ನು ಬಿಟ್ಟವರ ನಾಡಿ ಮೆಲ್ಲಗೆ ಮೇಲೇರಬೇಕು. ಮಾಸ್ತರರು ಮಂಡಿನೋವೆಂದು ಓಟ ಬಿಟ್ಟು ಬಹಳ ಕಾಲವಾಗಿತ್ತು. ಬೆಳಿಗ್ಗೆ ಒಂದಿಷ್ಟು ಕೈಕಾಲು ಆಡಿಸುವುದು, ಸಂಜೆ ಬಸ್ ನಿಲ್ದಾಣದವರೆಗೆ ನಡೆಯುವುದು, ಅಷ್ಟೇ. ಓಡದ ಎದೆ ದಿನದಿಂದ ದಿನಕ್ಕೆ ನಿಧಾನವಾಗುತ್ತಿದ್ದರೆ ಅದು ತಾಕತ್ತಲ್ಲ. ಇದನ್ನು ಅವಳು ಪರೀಕ್ಷೆಗೆ ಓದಿದ್ದಳು, ಜಿಮ್ಮಿಗೆ ಬರುವ ಹೆಂಗಸರಿಗೆ ತಾನೇ ಹೇಳಿದ್ದಳು. ಆದರೆ ಈ ಜಗತ್ತಿನಲ್ಲಿ ನಾಡಿಯ ವಿಷಯ ಯಾರಿಗಾದರೂ ಗೊತ್ತಿದೆ ಎಂದರೆ ಅದು ಸೋಮಪ್ಪ ಮಾಸ್ತರರಿಗೆ ಎಂದು ಅವಳ ಮನಸ್ಸು ಎಂಟನೇ ಇಯತ್ತೆಯಲ್ಲೇ ತೀರ್ಮಾನಿಸಿಬಿಟ್ಟಿತ್ತು. ಅವರಿಗೆ ಎದುರು ಹೇಳುವ ನಾಲಿಗೆ ಅವಳಿಗಿರಲಿಲ್ಲ.

ಒಮ್ಮೆ ಕಣ್ಣುಕತ್ತಲೆ ಬಂದು ಮಾಸ್ತರರು ಅಂಗಳದಲ್ಲಿ ಕುಸಿದರು. ಗೋಕಾಕದ ಡಾಕ್ಟರು ನೋಡಿ, ಓಡಿದವರ ಎದೆ ನಿಧಾನವಿರುವುದು ಸರಿ, ಆದರೆ ಈ ವಯಸ್ಸಿಗೆ ಇದು ಬೇರೆಯೇ ಇರಬಹುದು, ಬೆಳಗಾವಿಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಸಮಾಧಾನವಾಗಿಯೇ ಹೇಳಿದ್ದರು. ಮಾಸ್ತರರು ಕೇಳಲಿಲ್ಲ. ಆ ರವಿವಾರ ಫೋನನ್ನು ದಾಕ್ಷಾಯಿಣಿ ಕಸಿದುಕೊಂಡರು.

"ವಿದ್ಯಾ, ನೀನ ಹೇಳು. ಹೋಗಬೇಕೋ ಬ್ಯಾಡೋ?"

ಹಿಂದಿನಿಂದ ಮಾಸ್ತರರ ನಗು ಕೇಳಿಸುತ್ತಿತ್ತು. ಆ ನಗುವಿನಲ್ಲಿ ಅವಳ ಮೇಲಿನ ಭರವಸೆ ಇತ್ತು.

"ಓಡಿದವರ ಎದಿ ಹಂಗ ಇರತೈತಿ ಕಾಕು," ಎಂದುಬಿಟ್ಟಳು ವಿದ್ಯಾ.

*

"ಪೂರಾ ಒಂದು ನಿಮಿಷ ನೋಡು," ಎಂದರು ದಾಕ್ಷಾಯಿಣಿ, ಕೈ ಬಿಟ್ಟು ಪಕ್ಕಕ್ಕೆ ಸರಿಯುತ್ತ. "ಅರ್ಧಕ್ಕ ಬಿಡಬ್ಯಾಡ."

ದುಂಡೇಶ ಗಡಿಯಾರ ಕಟ್ಟಿದ ಕೈ ಮೇಲೆತ್ತಿ ನಿಂತ. ಅಂಗಳದಲ್ಲಿ ನಿಂತವರೂ ಮಾತು ನಿಲ್ಲಿಸಿದರು. ಮಾಸ್ತರರು ಇದ್ದಾಗ ಮೈದಾನದಲ್ಲಿ ಎಂಥ ನಿಶ್ಶಬ್ದ ಇರುತ್ತಿತ್ತೋ ಅಂಥದೇ ಈಗ ಪಡಸಾಲೆಯಲ್ಲಿ ತುಂಬಿತು. ಯಾವನೋ ಕೆಮ್ಮು ಬಂದವನು ಬಾಯಿಗೆ ಟವೆಲ್ಲು ಒತ್ತಿಕೊಂಡು ಹೊರಗೆ ಹೋದ.

ದುಂಡೇಶ ತಲೆಯಾಡಿಸಿದ. ವಿದ್ಯಾ ಮಾಸ್ತರರ ಬಲಗೈಯ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು.

ತಣ್ಣಗಿತ್ತು. ವಿಭೂತಿಯ ಪುಡಿ ಬೆರಳಿಗೆ ಹತ್ತಿತು. ಅವಳ ಬೆರಳಿನಿಂದ ಗೇಣುದ್ದ ಆಚೆ ಅವರ ಎರಡು ಬೆರಳು ಅವರ ಎಡಗೈಯ ಮೇಲೆ ಕೂತಿದ್ದವು. ಅವರು ತಮ್ಮನ್ನು ಎಣಿಸುತ್ತಿದ್ದಾರೆ, ನಾನು ಅವರನ್ನು ಎಣಿಸುತ್ತಿದ್ದೇನೆ ಎಂಬ ವಿಚಾರ ಬಂದು ಅವಳಿಗೆ ಎದ್ದು ಓಡಬೇಕೆನ್ನಿಸಿತು. ಏನೂ ಇರಲಿಲ್ಲ. ಏನೂ ಇರುವುದಿಲ್ಲ ಎಂದು ಗೊತ್ತಿತ್ತು. ಆದರೂ ಬಡಿತಕ್ಕೂ ಬಡಿತಕ್ಕೂ ನಡುವೆ ಅವರಲ್ಲಿ ಯಾವಾಗಲೂ ಇರುತ್ತಿದ್ದ ಆ ದೊಡ್ಡ ಬಿಡುವು ಇದು, ಇಷ್ಟೇ, ಈಗ ಬರುತ್ತದೆ ಎಂದು ಬೆರಳು ಕಾದವು.

ಬಂತು.

ಒಂದು. ಬೆರಳ ತುದಿಗೆ, ಒಳಗಿನಿಂದ ಯಾರೋ ತಟ್ಟಿದ ಹಾಗೆ.

ವಿದ್ಯಾ ಎರಡನೆಯದಕ್ಕೆ ಕಾದಳು. ಕಣ್ಣೆತ್ತಿ ನೋಡಿದರೆ ಬಿಳಿ ಗೆರೆ ಹಾಗೇ ಇತ್ತು, ಅವಳನ್ನೇ ನೋಡುತ್ತಿರುವಂತೆ. ಹೆದರಿಕೆಗೆ ತಾನು ಬೆರಳನ್ನು ಗಟ್ಟಿಯಾಗಿ ಒತ್ತಿರುವುದು ಆಗ ಅವಳ ಗಮನಕ್ಕೆ ಬಂತು. ಒತ್ತಿದರೆ ಅವೂ ಸುಳ್ಳು ಹೇಳುತ್ತವೆ. ಬೆರಳನ್ನು ಹಗುರ ಮಾಡಿದಳು. ಎರಡನೆಯದು ಬರಲಿಲ್ಲ.

ನಿಮಿಷ ಮುಗಿದಿತ್ತು. ದುಂಡೇಶ "ಸಾಕು" ಅನ್ನಬೇಕಿತ್ತು. ಗಡಿಯಾರದ ಕೈಯನ್ನಷ್ಟೇ ಇಳಿಸಿದ.

"ಇಲ್ಲ ಕಾಕು," ಎಂದಳು ವಿದ್ಯಾ. "ಸರ್ ಇಲ್ಲ."

"ಹಂಗಾರ ನನಗ ಸಿಕ್ಕದ್ದು?"

ಇದನ್ನು ಹೇಳುವುದು ಸತ್ತ ಮನುಷ್ಯನನ್ನು ಮತ್ತೊಮ್ಮೆ ಸಾಯಿಸಿದಂತೆ ಎಂದು ಅವಳಿಗೆ ಗೊತ್ತಿತ್ತು. ಹೇಳದಿದ್ದರೆ ಈ ಹೆಂಗಸು ಉಳಿದ ಆಯುಷ್ಯವೆಲ್ಲ ಬದುಕಿದ್ದ ಗಂಡನಿಗೆ ಮಣ್ಣು ಹಾಕಿದೆನೆಂದು ಕೂರುತ್ತಾಳೆ. ಒಮ್ಮೆ ಹೇಳಬೇಕಾದ್ದನ್ನು ಹೇಳದೆ ಉಳಿದದ್ದಕ್ಕೆ ಏನಾಯಿತೆಂಬುದು ಎದುರಿಗೇ ಕೂತಿತ್ತು. ವಿದ್ಯಾ ದಾಕ್ಷಾಯಿಣಿಯವರ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡು, ಹೆಬ್ಬೆರಳನ್ನು ಮೆಲ್ಲಗೆ ಹಿಡಿದಳು.

"ಇದಕ್ಕ ತನ್ನ ನಾಡಿ ಐತಿ ಕಾಕು. ನಿಮಗ ಸಿಕ್ಕದ್ದು ನಿಮ್ಮದ ರಿ."

"ನಂದ?"

"ಹೌದ್ರಿ."

ದಾಕ್ಷಾಯಿಣಿ ಬೇರೆ ಯಾರಿಗೂ ಕೇಳಿಸದ ದನಿಯಲ್ಲಿ ಕೇಳಿದರು.

"ಅವರು ಅಂಗಳದಾಗ ಬಿದ್ದಾಗಿಂದ ದಿನಾ ಮುಂಜಾನಿ, ಅವರು ಏಳೂಕಿಂತ ಮೊದಲ, ಕೈ ಹಿಡದು ನೋಡ್ತಿದ್ನಿ. ಬಡಿತಿತ್ತು. ಚಲೋ ಬಡಿತಿತ್ತು. ಬೆಳಗಾವಿಗೆ ಹೋಗೂಣು ಅಂತ ಮತ್ತ ಹಟಾ ಮಾಡಲಿಲ್ಲ. ಅದೆಲ್ಲಾ ನಂದ?"

ವಿದ್ಯಾಳಿಗೆ ಕಣ್ಣೀರು ತಡೆಯಿಲ್ಲದೆ ಬಂತು. ಬೆಳಗಿನಿಂದ ಈಗ ಮೊದಲ ಸಲ ಅತ್ತಳು.

ದಾಕ್ಷಾಯಿಣಿ ತಮ್ಮ ಹೆಬ್ಬೆರಳನ್ನು ಬೇರೆಯವರದ್ದೆಂಬಂತೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಎದ್ದು ನಿಂತರು.

"ಎತ್ರಿ," ಎಂದರು.

*

ವಿಮಾನವನ್ನು ಹೊತ್ತವರೆಲ್ಲ ಮಾಸ್ತರರ ಹಳೆಯ ಮಕ್ಕಳೇ. ಮುಂದೆ ದುಂಡೇಶ ಮತ್ತು ರಜೆಯ ಮೇಲೆ ಬಂದಿದ್ದ ಸೈನಿಕ ಹಣಮಂತ, ಹಿಂದೆ ಕಂಡಕ್ಟರ ಈಶ್ವರ ಮತ್ತು ಇನ್ನೊಬ್ಬ. ಮಾಸ್ತರರು ಮೇಲೆ ನೆಟ್ಟಗೆ ಕೂತು, ಹೂವಿನ ನಡುವೆ, ಎರಡು ಬೆರಳು ಮಣಿಕಟ್ಟಿನ ಮೇಲಿಟ್ಟುಕೊಂಡು ಹೊರಟರು. ಶಾಲೆಯ ಮೈದಾನ ಬಂದಾಗ ಹೊತ್ತವರ ಹೆಜ್ಜೆ ಬಿರುಸಾಯಿತು. ಮೊದಲು ಯಾರಿಗೂ ಗೊತ್ತಾಗಲಿಲ್ಲ. ಮುದುಕರು ಹಿಂದೆ ಬಿದ್ದರು, ತಾಳದವರು ಏದುಸಿರು ಬಿಟ್ಟರು.

"ಯಾಕ್ರೋ ಓಡಾಕತ್ತೀರಿ?" ಎಂದು ಮುರಿಗೆಪ್ಪ ಹಿಂದಿನಿಂದ ಕೂಗಿದ.

ಹೊತ್ತವರು ಬೆಚ್ಚಿ ನಿಂತರು. ನಾಲ್ವರೂ ಒಂದೇ ಹೆಜ್ಜೆಗೆ ಓಡುತ್ತಿದ್ದರು. ಮೇಲೆ ಮಾಸ್ತರರ ತಲೆ ಓಟಕ್ಕೆ ಹೂಂಗುಟ್ಟಿದಂತೆ ಮೆಲ್ಲಗೆ ಆಡುತ್ತಿತ್ತು, ಅದು ನಿಲ್ಲಲು ಇನ್ನೂ ಒಂದು ಗಳಿಗೆ ಹಿಡಿಯಿತು.

ಮೈದಾನದ ಗೋಡೆಯ ಆಚೆಗೇ ರುದ್ರಭೂಮಿ. ಗುಂಡಿಯೊಳಗೆ ಗೋಡೆ ಕೊರೆದು ಗೂಡು ಮಾಡಿದ್ದರು. ಅದರೊಳಗೆ ಮಾಸ್ತರರನ್ನು ಇಳಿಸಿ ಕೂರಿಸಿದರು. ಅಯ್ಯನವರು ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಮಂತ್ರ ಹೇಳಿದರು. ವಿಭೂತಿ ಗಟ್ಟಿ, ಬಿಲ್ವಪತ್ರೆ, ಉಪ್ಪು ತುಂಬಿದರು. ಉಪ್ಪು ಸೊಂಟಕ್ಕೆ ಬಂತು, ಮೊಣಕೈಗೆ ಬಂತು. ಕೊನೆಗೆ ಆ ಎರಡು ಬೆರಳೂ ಕಾಣದಾದವು. ವಿದ್ಯಾ ಅವನ್ನೇ ನೋಡುತ್ತಿದ್ದಳು. ತಾನು ಎಣಿಸಿದ ಆ ಒಂದು ಬಡಿತವನ್ನು ಯಾರಿಗೂ ಹೇಳಿರಲಿಲ್ಲ, ಹೇಳುವುದೂ ಇಲ್ಲ. ಅದು ತನ್ನದೇ ಇರಬೇಕು. ತನ್ನದೇ.

ಎಲ್ಲರೂ ಹಿಡಿ ಮಣ್ಣು ಹಾಕಿದರು. ದಾಕ್ಷಾಯಿಣಿಯೂ ಹಾಕಿದರು. ಸಲಿಕೆಯವರು ಗುಂಡಿ ಮುಚ್ಚಿ, ಮೇಲೆ ಮಣ್ಣು ಗುಡ್ಡೆ ಮಾಡಿ, ಒಂದು ಕಲ್ಲಿಟ್ಟು ನೀರು ಚಿಮುಕಿಸಿದರು. ಹೊತ್ತು ಗೋಡೆಯ ಮೇಲೆ ಕೂತಿತ್ತು.

"ಮುಗೀತ್ರಿ. ನಡೀರಿನ್ನ," ಎಂದ ಮುರಿಗೆಪ್ಪ, ಸಲಿಕೆ ಹೆಗಲಿಗೇರಿಸಿ. ಸಂಬಂಧಿಕರು ಕೈ ಝಾಡಿಸಿಕೊಂಡು ಹೊರಟರು. ಹೋಗುತ್ತಿದ್ದ ಮುರಿಗೆಪ್ಪ ತಿರುಗಿ ನೋಡಿ ನಿಂತ. "ಏನ್ರಿ, ಹಿಂಗ್ಯಾಕ ನಿಂತೀರಿ?"

ವಿದ್ಯಾ ತಲೆಯೆತ್ತಿದಳು. ಎದುರಿಗೆ ದುಂಡೇಶ ಬಲಗೈಯ ಎರಡು ಬೆರಳನ್ನು ಎಡಗೈಯ ಮಣಿಕಟ್ಟಿನ ಮೇಲಿಟ್ಟುಕೊಂಡು ನಿಂತಿದ್ದ. ಅವನ ಪಕ್ಕಕ್ಕೆ ಹಣಮಂತ, ಅವನಾಚೆ ಈಶ್ವರ, ಹೆಸರು ಮರೆತ ಹಳೆಯ ಮುಖಗಳು, ಮಣ್ಣಿನ ಗುಡ್ಡೆಯ ಸುತ್ತ ಉಂಗುರವಾಗಿ. ಎಲ್ಲರ ತುಟಿಗಳೂ ಮಿಡುಕುತ್ತಿದ್ದವು. ತನ್ನ ಬೆರಳೂ ಅಲ್ಲೇ ಇದ್ದದ್ದು, ತಾನೂ ಎಣಿಸುತ್ತಿದ್ದದ್ದು ಅವಳಿಗೆ ಆಗ ಗೊತ್ತಾಯಿತು. ಉಂಗುರದಲ್ಲಿ ದಾಕ್ಷಾಯಿಣಿಯೂ ಇದ್ದರು. ಹೆಬ್ಬೆರಳನ್ನು ದೂರ ಎತ್ತಿ ಹಿಡಿದು, ಎರಡು ಬೆರಳನ್ನು ಹಗುರವಾಗಿ ಊರಿ, ಕಣ್ಣು ಮುಚ್ಚಿ.

ಕತ್ತಲಾಗತೊಡಗಿತು. ಯಾರೂ ಬೆರಳು ತೆಗೆಯಲಿಲ್ಲ. "ಸಾಕು" ಅನ್ನಬೇಕಾದವರು ಮಣ್ಣಿನ ಕೆಳಗೆ, ಹಾಗೆಯೇ ಬೆರಳಿಟ್ಟುಕೊಂಡು ಕೂತಿದ್ದರು.